ಷಟ್ಕೋನದ ಮನೆಗಳಲ್ಲಿ ಮಹಾಯುದ್ಧ



ಗಣಕದ ಪರದೆಯ ಮೇಲೆ ಯುದ್ಧದ ಆಟ ಎಂದೊಡನೆ ನಿಮ್ಮಲ್ಲಿ ಹಲವರಿಗೆ ಬಂದೂಕು ಹಿಡಿದು ಓಡುವ, ಕಂಡವರನ್ನೆಲ್ಲ ಹೊಡೆದುರುಳಿಸುವ ಆಟ ನೆನಪಿಗೆ ಬರಬಹುದು. ನಾನು ಹೇಳಹೊರಟಿರುವುದು ಆ ಬಗೆಯದಲ್ಲ. ಇದರಲ್ಲಿ ಕೈಚಳಕಕ್ಕೆ ಕೆಲಸವಿಲ್ಲ, ಅವಸರವೂ ಇಲ್ಲ. ಚದುರಂಗದಲ್ಲಿರುವಂತೆ ಮೊದಲು ನಿಮ್ಮ ಸರದಿ, ಅನಂತರ ಎದುರಾಳಿಯ ಸರದಿ. ನಿಮ್ಮ ಸರದಿ ಬಂದಾಗ ನೀವು ಒಂದು ಗಂಟೆ ಯೋಚಿಸಿದರೂ, ನಡುವೆ ಎದ್ದು ಹೋಗಿ ಊಟ ಮಾಡಿ ಬಂದರೂ ಯಾರೂ ಆಕ್ಷೇಪಿಸುವುದಿಲ್ಲ. ಇಂತಹ ಆಟವೊಂದರಲ್ಲಿ ಒಂದು ದೊಡ್ಡ ಯುದ್ಧವನ್ನು ಮೊದಲಿನಿಂದ ನಡೆಸಿ ನೋಡಿದರೆ, ಇತಿಹಾಸದ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಸಂಗತಿಗಳ ಹಿಂದೆ ಎಷ್ಟು ಲೆಕ್ಕಾಚಾರವಿರುತ್ತದೆ ಎಂಬುದು ತಿಳಿಯುತ್ತದೆ. ಆ ಲೆಕ್ಕದಲ್ಲಿ ಯಾರನ್ನು ಕೈಬಿಡಲಾಗಿದೆ ಎಂದು ಕೇಳುವುದು ನಮಗೇ ಬಿಟ್ಟದ್ದು.

ಉದಾಹರಣೆಗೆ ಒಂದು ಆಟವನ್ನು ತೆಗೆದುಕೊಳ್ಳೋಣ. ಅಮೆರಿಕದ ಗ್ಯಾರಿ ಗ್ರಿಗ್ಸ್‌ಬಿ ಎಂಬವರು ರೂಪಿಸಿದ ‘ವಾರ್ ಇನ್ ದಿ ಈಸ್ಟ್’ 2010ರಲ್ಲಿ ಹೊರಬಂದಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಗೂ ಸೋವಿಯತ್ ಒಕ್ಕೂಟಕ್ಕೂ ನಡೆದ ಹೋರಾಟ ಅದರ ವಸ್ತು. 1941ರ ಜೂನ್ 22ರಂದು ಜರ್ಮನಿ 30 ಲಕ್ಷಕ್ಕೂ ಹೆಚ್ಚು ಸೈನಿಕರೊಡನೆ ಸೋವಿಯತ್ ನೆಲಕ್ಕೆ ನುಗ್ಗಿತು. ಒಂದು ದಂಡು ಲೆನಿನ್‌ಗ್ರಾಡ್ ಕಡೆಗೆ, ಒಂದು ಮಾಸ್ಕೋ ಕಡೆಗೆ, ಮತ್ತೊಂದು ಉಕ್ರೇನಿನ ಗೋಧಿಯ ಬಯಲಿಗೆ. ಆಟ ಆರಂಭವಾಗುವುದೂ ಅಲ್ಲಿಂದಲೇ.

ನಕ್ಷೆಯ ತುಂಬ ಜೇನುಗೂಡಿನಂತೆ ಆರು ಮೂಲೆಯ ಮನೆಗಳು. ಚದುರಂಗದ ಚೌಕ ಏಕೆ ಬೇಡವೆಂದರೆ, ಚೌಕದಲ್ಲಿ ಮೂಲೆಯಿಂದ ಮೂಲೆಗೆ ನಡೆದರೆ ದೂರ ಹೆಚ್ಚು. ಷಟ್ಕೋನದಲ್ಲಾದರೋ ನೆರೆಯ ಆರು ಮನೆಗಳೂ ಸಮಾನ ದೂರ. ಒಂದು ಮನೆ ಎಂದರೆ 10 ಮೈಲಿ, ಅಂದರೆ 16 ಕಿಲೋಮೀಟರ್. ಒಂದು ಸರದಿ ಎಂದರೆ ಒಂದು ವಾರ. ಒಂದು ಕಾಯಿ ಎಂದರೆ ಸಾಮಾನ್ಯವಾಗಿ ಒಂದು ಡಿವಿಷನ್, ಹತ್ತಾರು ಸಾವಿರ ಜನ. ಪೂರ್ತಿ ಯುದ್ಧವನ್ನು ಆಡುವುದಾದರೆ 200ಕ್ಕೂ ಹೆಚ್ಚು ಸರದಿಗಳಿವೆ. ಪ್ರತಿ ಸರದಿಯಲ್ಲೂ ನೂರಾರು ಕಾಯಿಗಳನ್ನು ನಡೆಸಬೇಕು. ಆಡಿ ಮುಗಿಸಲು ತಿಂಗಳುಗಳೇ ಹಿಡಿಯುತ್ತವೆ. ಪರೀಕ್ಷೆ ಹತ್ತಿರವಿರುವವರು ಇದನ್ನು ಮುಟ್ಟದಿರುವುದೇ ಮೇಲು.

ಈ ಬಗೆಯ ಆಟ ಗಣಕದೊಡನೆ ಹುಟ್ಟಿದ್ದಲ್ಲ. ನಮ್ಮ ಚತುರಂಗವೇ ಆನೆ, ಕುದುರೆ, ರಥ, ಕಾಲಾಳುಗಳ ಯುದ್ಧ. ಅದರ ವಂಶದ್ದೇ ಆದ ಚೆಸ್ಸನ್ನು ಹಿಗ್ಗಿಸಿ ನೆಲದ ಏರುತಗ್ಗು, ನದಿ, ಕಾಡುಗಳನ್ನು ಸೇರಿಸಿದವರು ಜರ್ಮನರು. ಪ್ರಷ್ಯದಲ್ಲಿ ರೈಸ್‌ವಿಟ್ಸ್ ಎಂಬ ತಂದೆ ಆರಂಭಿಸಿದ ಆಟವನ್ನು ಸೇನಾಧಿಕಾರಿಯಾಗಿದ್ದ ಮಗ ತಿದ್ದಿ 1824ರಲ್ಲಿ ನಿಯಮಗಳೊಡನೆ ಪ್ರಕಟಿಸಿದ. ಅಂದಿನಿಂದ ಅದು ಅಲ್ಲಿನ ಸೇನಾ ಶಿಕ್ಷಣದ ಭಾಗವಾಯಿತು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜರ್ಮನಿಯ ಪಕ್ಷ ವಹಿಸಿ ಆಡಿದರೆ ಮೊದಲ ಕೆಲವು ಸರದಿಗಳು ಅಮಲೇರಿಸುವಂತಿರುತ್ತವೆ. ಎದುರಾಳಿ ಇನ್ನೂ ಸಿದ್ಧನಾಗಿಲ್ಲ. ನಿಮ್ಮ ಟ್ಯಾಂಕುಗಳು ಎರಡು ಕಡೆಯಿಂದ ನುಗ್ಗಿ ಹಿಂದೆ ಕೈಕೈ ಜೋಡಿಸಿದರೆ ನಡುವೆ ಸಿಕ್ಕಿದ ಕಾಯಿಗಳೆಲ್ಲ ಇಕ್ಕುಳದಲ್ಲಿ ಸಿಕ್ಕಂತೆ. ಪೋಲೆಂಡಿನ ಗಡಿಯ ಬ್ರೆಸ್ಟ್ ಪಟ್ಟಣದಿಂದ ಮಾಸ್ಕೋಗೆ ಸುಮಾರು 60 ಮನೆಗಳು. ಮೊದಲ ನಾಲ್ಕು ವಾರಗಳಲ್ಲೇ ಹೆಚ್ಚು ದಾರಿ ಸವೆದುಬಿಡುತ್ತದೆ. ನಿಜ ಯುದ್ಧದಲ್ಲಿಯೂ ಜುಲೈ ನಡುವಿನ ಹೊತ್ತಿಗೆ ಜರ್ಮನರು ಸ್ಮೊಲೆನ್ಸ್ಕ್ ತಲಪಿದ್ದರು.

ಆಮೇಲೆ ಕಾಯಿಗಳ ನಡಿಗೆ ನಿಧಾನವಾಗುತ್ತದೆ. ಕಾರಣ ಎದುರಾಳಿಯ ಶೌರ್ಯವೊಂದೇ ಅಲ್ಲ. ಪ್ರತಿ ಕಾಯಿಗೂ ಪೆಟ್ರೋಲು, ಮದ್ದುಗುಂಡು, ಆಹಾರ ಬೇಕು. ಅವು ರೈಲಿನಲ್ಲಿ ಬರಬೇಕು. ರೈಲು ನಿಂತ ಕಡೆಯಿಂದ ಲಾರಿಗಳಲ್ಲಿ ಸಾಗಬೇಕು. ಸೋವಿಯತ್ ರೈಲುಹಳಿಗಳ ನಡುವಿನ ಅಂತರ 1524 ಮಿಲಿಮೀಟರ್, ಜರ್ಮನರದು 1435. ಎಂಬತ್ತೊಂಬತ್ತೇ ಮಿಲಿಮೀಟರ್ ವ್ಯತ್ಯಾಸ! ಮೀಟರ್‌ಗೇಜ್ ಬ್ರಾಡ್‌ಗೇಜ್ ಆಗುವಾಗ ಎಷ್ಟು ಕಾಲ ರೈಲು ನಿಲ್ಲುತ್ತಿತ್ತು ಎಂಬುದನ್ನು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಹೇಳುತ್ತಾರೆ. ಒಂದು ಬದಿಯ ಹಳಿಯನ್ನು ಕಿತ್ತು ಒಳಕ್ಕೆ ಜರುಗಿಸಿ ಮತ್ತೆ ಬಡಿಯುವುದು ಕಷ್ಟವಲ್ಲದಿರಬಹುದು. ಆದರೆ ಸೋವಿಯತ್ ಎಂಜಿನುಗಳು ದೊಡ್ಡವಾದ್ದರಿಂದ ಅವುಗಳಿಗೆ ನೀರು ತುಂಬುವ ನಿಲ್ದಾಣಗಳೂ ದೂರದೂರ ಇದ್ದವು. ಜರ್ಮನ್ ಎಂಜಿನುಗಳು ಅಷ್ಟು ದೂರ ಓಡಲಾರವು. ಚಳಿಗಾಲದಲ್ಲಿ ಅವುಗಳ ಕೊಳವೆಗಳು ಹೆಪ್ಪುಗಟ್ಟಿ ಒಡೆದವು. ಆಟದಲ್ಲಿ ಹಳಿ ದುರಸ್ತಿಯ ತುಕಡಿಗಳು ಒಂದು ಸರದಿಯಲ್ಲಿ ಕೆಲವೇ ಮನೆಗಳಷ್ಟು ಮುಂದೆ ಸಾಗುತ್ತವೆ. ಟ್ಯಾಂಕುಗಳಾದರೋ ಎಷ್ಟೋ ಮುಂದೆ ಹೋಗಿ, ಪೆಟ್ರೋಲಿಲ್ಲದೆ ನಿಂತಿರುತ್ತವೆ.

ಆಗಸ್ಟಿನಲ್ಲಿ ನೇರವಾಗಿ ಮಾಸ್ಕೋಗೆ ಹೋಗಬೇಕೋ, ದಕ್ಷಿಣಕ್ಕೆ ತಿರುಗಿ ಕೀವ್ ಹಿಡಿಯಬೇಕೋ ಎಂಬುದು ಆಟಗಾರರ ಮುಗಿಯದ ಚರ್ಚೆ. ಹಿಟ್ಲರ್ ದಕ್ಷಿಣಕ್ಕೆ ತಿರುಗಿಸಿದ. ಸೆಪ್ಟೆಂಬರಿನಲ್ಲಿ ಕೀವ್ ಬಳಿ, ಜರ್ಮನರ ಲೆಕ್ಕದಂತೆ, 6 ಲಕ್ಷಕ್ಕೂ ಹೆಚ್ಚು ಜನ ಸೆರೆಸಿಕ್ಕರು. ಹಾಗೆ ತಿರುಗದಿದ್ದರೆ ಮಾಸ್ಕೋ ಬೀಳುತ್ತಿತ್ತು ಎಂದು ವಾದಿಸುವವರು ಒಮ್ಮೆ ಆಡಿ ನೋಡಬೇಕು. ಯಾವ ದಾರಿ ಹಿಡಿದರೂ ರೈಲುಹಳಿಯ ತುದಿ ಇದ್ದಲ್ಲೇ ಇರುತ್ತದೆ ಎಂಬುದು ನನ್ನ ಅಭಿಪ್ರಾಯ. ಅಷ್ಟರಲ್ಲಿ ಅಕ್ಟೋಬರಿನ ಮಳೆ ಹಿಡಿಯುತ್ತದೆ. ರಷ್ಯನ್ನರು ರಸ್ಪುತಿತ್ಸ ಎಂದು ಕರೆಯುವ ಕೆಸರಿನ ಕಾಲ ಅದು. ನಮ್ಮ ಎರೆಭೂಮಿಯಲ್ಲಿ ಮಳೆ ಬಿದ್ದ ಮರುದಿನ ಚಕ್ಕಡಿ ಹೊಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಡಿಸೆಂಬರ್ 5ರಂದು ಮಾಸ್ಕೋ ಮುಂದೆ ಸೋವಿಯತ್ ಸೇನೆ ತಿರುಗಿಬಿದ್ದಿತು.

ಸೋವಿಯತ್ ಪಕ್ಷದ ಆಟ ಬೇರೆಯೇ ರುಚಿಯದು. ಅಲ್ಲಿ ರೈಲುಬಂಡಿಗಳಿಗಾಗಿಯೇ ಜಗಳ. ಸೈನಿಕರನ್ನು ಸಾಗಿಸಬೇಕೆ, ಶತ್ರು ಬರುವ ಮುನ್ನ ಕಾರ್ಖಾನೆಗಳನ್ನು ಬಿಚ್ಚಿ ಪೂರ್ವಕ್ಕೆ ಒಯ್ಯಬೇಕೆ? ಎರಡಕ್ಕೂ ಸಾಲುವಷ್ಟು ಬಂಡಿಗಳಿಲ್ಲ. 1941ರ ಜುಲೈಯಿಂದ ನವೆಂಬರಿನವರೆಗೆ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳು ಹೀಗೆ ಸ್ಥಳಾಂತರಗೊಂಡವು. ಖಾರ್ಕೋವಿನ ಟ್ಯಾಂಕ್ ಕಾರ್ಖಾನೆ ಉರಲ್ ಪ್ರದೇಶದ ನಿಜ್ನಿ ತಗೀಲಿಗೆ ಹೋಗಿ, ಡಿಸೆಂಬರಿನಲ್ಲೇ ಅಲ್ಲಿ ಟ್ಯಾಂಕುಗಳ ಜೋಡಣೆ ಆರಂಭವಾಯಿತು.

ಈಗ ಹಿಂದೆ ನೆನಪಿಡಲು ಹೇಳಿದ ಮಾತಿಗೆ ಬರೋಣ. ಈ ಯುದ್ಧವನ್ನು ಜರ್ಮನ್ ಸೇನಾನಿಗಳು ನಡೆಸುವುದಕ್ಕೆ ಮುಂಚೆಯೇ ಆಡಿ ನೋಡಿದ್ದರು. 1940ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಫ್ರೀಡ್ರಿಖ್ ಪೌಲುಸ್ ಎಂಬ ಸೇನಾನಿಯ ನೇತೃತ್ವದಲ್ಲಿ ನಕ್ಷೆಯ ಮೇಲೆ ಆಟ ನಡೆಯಿತು. ನೀಪರ್ ನದಿಯ ಆಸುಪಾಸಿಗೆ ಬರುವ ಹೊತ್ತಿಗೆ ಸರಬರಾಜು ಎಳೆದಾಡುತ್ತದೆ, ಸೇನೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ ಎಂಬುದು ಆಗಲೇ ಕಂಡಿತ್ತು. ಆದರೂ ಹೊರಟರು. ಆಟ ನಡೆಸಿಕೊಟ್ಟ ಪೌಲುಸ್ ಸ್ವತಃ 1943ರ ಜನವರಿ 31ರಂದು ಸ್ಟಾಲಿನ್‌ಗ್ರಾಡಿನಲ್ಲಿ ಸೆರೆಯಾದ.

ಸರಬರಾಜಿನ ಲೆಕ್ಕ ಕೂಡುವುದಿಲ್ಲ ಎಂದು ತಿಳಿದಾಗ ಅವರು ಮಾಡಿದ್ದೇನು? ಮಿತ್ರರೇ, ಆಟದ ಯಾವ ಗುಂಡಿ ಒತ್ತಿದರೂ ಇದು ಕಾಣುವುದಿಲ್ಲ. 1941ರ ಮೇ 2ರಂದು ಬರ್ಲಿನ್‌ನಲ್ಲಿ ಹಿರಿಯ ಅಧಿಕಾರಿಗಳು ಸೇರಿದರು. ಜರ್ಮನ್ ಸೇನೆ ಸೋವಿಯತ್ ನೆಲದ ಬೆಳೆಯನ್ನೇ ಉಣ್ಣಬೇಕು. ಹಾಗೆ ತಮಗೆ ಬೇಕಾದ್ದನ್ನು ಅಲ್ಲಿಂದ ಎತ್ತಿಕೊಂಡರೆ ಅಲ್ಲಿನ ಲಕ್ಷೋಪಲಕ್ಷ ಜನ ಹಸಿವಿನಿಂದ ಸಾಯುತ್ತಾರೆ ಎಂದು ಆ ಸಭೆಯ ಟಿಪ್ಪಣಿಯಲ್ಲೇ ಬರೆದಿಟ್ಟರು. ಲೆಕ್ಕದ ಒಂದು ಕಡೆ ಕೊರತೆ ಬಿದ್ದದ್ದನ್ನು ಇನ್ನೊಂದು ಕಡೆ ಜನರನ್ನೇ ಕಳೆದು ಸರಿದೂಗಿಸಿದರು.

ಆಟದಲ್ಲಿ ಊರುಗಳಿವೆ, ಜನರಿಲ್ಲ. ಊರು ಎಂದರೆ ಇಷ್ಟು ಕಾರ್ಖಾನೆ, ಸೇನೆಗೆ ಇಷ್ಟು ಆಳು. ಇಕ್ಕುಳದಲ್ಲಿ ಸಿಕ್ಕ ಕಾಯಿ ಶರಣಾದಾಗ ನಕ್ಷೆಯಿಂದ ಮರೆಯಾಗಿ, ನಷ್ಟದ ಪಟ್ಟಿಯಲ್ಲಿ ಒಂದು ಅಂಕಿಯಾಗುತ್ತದೆ. ಆಡುವವರಿಗೆ ಅದು ಸಂತೋಷದ ಗಳಿಗೆ. ನಿಜ ಯುದ್ಧದಲ್ಲಿ ಆ ಮರೆಯಾದವರು ಎಲ್ಲಿಗೆ ಹೋದರು? ನಾಲ್ಕು ವರ್ಷಗಳಲ್ಲಿ ಜರ್ಮನರ ಕೈಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ. ಅವರಲ್ಲಿ ಸುಮಾರು 33 ಲಕ್ಷ ಜನ ಸೆರೆಯಲ್ಲೇ ಸತ್ತರು, ಬಹುಮಂದಿ ಹಸಿವು, ಚಳಿ, ರೋಗಗಳಿಂದ, ಬಯಲಿನಲ್ಲಿ ತಂತಿಬೇಲಿಯ ಒಳಗೆ. ಆಟವನ್ನು ರಚಿಸಿದವರು ಮೋಸ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಸೇನಾನಿಯ ಮೇಜಿನಿಂದ ಏನು ಕಾಣುತ್ತದೋ ಅದನ್ನು ಅವರು ನಿಷ್ಠೆಯಿಂದ ತೋರಿಸಿದ್ದಾರೆ. ಆ ಮೇಜಿನಿಂದ ಬೇಲಿಯ ಒಳಗಿನದು ಕಾಣುತ್ತಿರಲಿಲ್ಲ. ಕಂಡರೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲ.

ನಕ್ಷೆಯ ಮೇಲ್ತುದಿಯಲ್ಲಿ ಲೆನಿನ್‌ಗ್ರಾಡ್ ಇದೆ. ಆಟಗಾರರು ಸಾಮಾನ್ಯವಾಗಿ ಅದನ್ನು ಬೇಗ ಗೆಲ್ಲಲು ನೋಡುತ್ತಾರೆ, ಏಕೆಂದರೆ ಸುತ್ತ ಕಾವಲು ಕುಳಿತ ಸೇನೆ ಬೇರೆಡೆಗೆ ಒದಗುತ್ತದೆ. ಹಿಟ್ಲರನ ಆಜ್ಞೆ ಬೇರೆಯೇ ಇತ್ತು: ನಗರ ಶರಣಾಗುತ್ತೇನೆಂದರೂ ಒಪ್ಪಬೇಡಿ, ಮುತ್ತಿಗೆ ಹಾಕಿ ಹಸಿವಿಗೆ ಬಿಡಿ. ಇಂತಹ ಆಜ್ಞೆಗೆ ಆಟದಲ್ಲಿ ನಿಯಮವೇ ಇಲ್ಲ. 1941ರ ಸೆಪ್ಟೆಂಬರ್ 8ರಂದು ನೆಲದ ದಾರಿಗಳೆಲ್ಲ ಮುಚ್ಚಿದವು. ನವೆಂಬರ್ ಕೊನೆಯ ಹೊತ್ತಿಗೆ ಮಕ್ಕಳಿಗೆ, ಮುದುಕರಿಗೆ ಸಿಗುತ್ತಿದ್ದುದು ದಿನಕ್ಕೆ 125 ಗ್ರಾಂ ಬ್ರೆಡ್ಡು, ಅದರಲ್ಲೂ ಕಲಬೆರಕೆ. ನಗರದ ಮಧ್ಯದಲ್ಲಿದ್ದ ಸಸ್ಯವಿಜ್ಞಾನ ಸಂಸ್ಥೆಯಲ್ಲಿ ನಿಕೊಲಾಯ್ ವವಿಲೊವ್ ಮತ್ತು ಸಂಗಡಿಗರು ಪ್ರಪಂಚದ ನಾನಾ ಕಡೆಗಳಿಂದ ತಂದ ಬೀಜಗಳ ಸಂಗ್ರಹವಿತ್ತು. ಗೋಧಿ, ಭತ್ತ, ಕಾಳುಗಳು ಟನ್ನುಗಟ್ಟಲೆ ಇದ್ದವು. ಅದನ್ನು ಕಾಯುತ್ತಿದ್ದ ವಿಜ್ಞಾನಿಗಳು ಒಂದು ಹಿಡಿಯನ್ನೂ ಬೇಯಿಸಿ ತಿನ್ನದೆ ಒಬ್ಬೊಬ್ಬರಾಗಿ ಹಸಿವಿನಿಂದ ತೀರಿಕೊಂಡರು. ಭತ್ತದ ತಳಿಗಳ ಉಸ್ತುವಾರಿಯಲ್ಲಿದ್ದವರು ಸತ್ತಾಗ ಅವರ ಸುತ್ತ ಸಾವಿರಾರು ಭತ್ತದ ಪೊಟ್ಟಣಗಳಿದ್ದವು. ಮುತ್ತಿಗೆ ಪೂರ್ತಿ ತೆರವಾದದ್ದು 1944ರ ಜನವರಿ 27ರಂದು, 872 ದಿನಗಳ ಮೇಲೆ. ಆಟದ ಎಣಿಕೆಯಲ್ಲಿ 124 ಸರದಿ.