ಹನ್ನೆರಡನೆಯ ಕಾಲಂ



ಈ ದತ್ತಿ ಉಪನ್ಯಾಸ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರ ನೆನಪಿನದು. ಬೆಳಿಗ್ಗೆ ಗದ್ದೆಗೆ ನೀರು ಕಟ್ಟಿ, ಕಾಲು ತೊಳೆದು, ಶಾಲೆಗೆ ಹೊರಡುತ್ತಿದ್ದವರು ಅವರು. ಹಾಗಾಗಿ ಇವತ್ತು ಗದ್ದೆಯ ಮಾತನ್ನೇ ಆಡುತ್ತೇನೆ. ಬೆಳೆಯುವ ಗದ್ದೆಯ ಮಾತಲ್ಲ, ಹಡಿಲು ಬಿದ್ದ ಗದ್ದೆಯ ಮಾತು.

ಉಡುಪಿ, ದಕ್ಷಿಣ ಕನ್ನಡದವರಿಗೆ ಹಡಿಲು ಅಂದರೆ ಏನೆಂದು ಹೇಳಬೇಕಾಗಿಲ್ಲ. ಆದರೆ ಈ ಉಪನ್ಯಾಸದ ಪುಸ್ತಿಕೆ ಘಟ್ಟದ ಮೇಲಿನವರ ಕೈಗೂ ಹೋಗುತ್ತದೆ. ಅವರು ಬೀಳು ಅನ್ನುವುದನ್ನು ನಾವು ಹಡಿಲು ಅನ್ನುತ್ತೇವೆ. ಮೊದಲ ವರ್ಷ ಹುಲ್ಲು, ಮೂರನೇ ವರ್ಷಕ್ಕೆ ಕಮ್ಯುನಿಸ್ಟ್ ಗಿಡ, ಆಮೇಲೆ ಎದೆಮಟ್ಟದ ಪೊದರು. ಐದಾರು ವರ್ಷ ಕಳೆದರೆ ಬದು, ಅಂದರೆ ಹುಣಿ, ಎಲ್ಲಿತ್ತು, ನೀರಿನ ಕಂಡಿ ಎಲ್ಲಿತ್ತು ಎಂದು ಆ ಗದ್ದೆಯಲ್ಲೇ ಹುಟ್ಟಿ ಬೆಳೆದವನಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಲಿಲ್ಲ. ಅದು ನಮ್ಮದೇ ಗದ್ದೆ.

ಒಂದೂಕಾಲು ಎಕರೆ ಮಜಲು. ಮೇಲೆ ಬೆಟ್ಟು, ಕೆಳಗೆ ಬೈಲು, ನಡುವೆ ನಮ್ಮದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ನಾಲ್ಕು ವರ್ಷ ಕೂಲಿಯವರಿಂದ ಮಾಡಿಸಿದ. ಆಳು ಸಿಗಲಿಲ್ಲ, ಸಿಕ್ಕಿದರೂ ಕೊಟ್ಟ ಕೂಲಿ ಹುಟ್ಟಲಿಲ್ಲ. ನಾನು ಬ್ಯಾಂಕಿನ ಕೆಲಸದಲ್ಲಿ ಊರೂರು ತಿರುಗುತ್ತಿದ್ದೆ. ಗದ್ದೆ ಒಂಬತ್ತು ವರ್ಷ ಹಾಗೇ ಬಿತ್ತು. ನಿವೃತ್ತನಾಗಿ ಊರಿಗೆ ಬಂದಾಗ ಕೆಳಗಿನ ಬೈಲಿನ ಅಜ್ಜಿ ದಾರಿಯಲ್ಲಿ ನಿಲ್ಲಿಸಿ ಹೇಳಿದರು: "ನಿಮ್ಮ ಗದ್ದೆಯಲ್ಲಿ ಹಂದಿ ಮಲಗುದು, ನನ್ನ ಗದ್ದೆಯಲ್ಲಿ ಉಣ್ಣುದು."

ಆ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಭತ್ತದ ಬೈಲು ಒಬ್ಬೊಬ್ಬರದಾಗಿ ಕಂಡರೂ ಒಬ್ಬರದಲ್ಲ. ಬೆಟ್ಟಿನಲ್ಲಿ ನಿಂತ ಮಳೆನೀರು ಮಜಲಿಗೆ, ಮಜಲಿನದು ಬೈಲಿಗೆ, ಬೈಲಿನದು ತೋಡಿಗೆ, ಹೀಗೆ ಗದ್ದೆಯಿಂದ ಗದ್ದೆಗೆ ಇಳಿಯಬೇಕು. ನಡುವಿನ ಒಂದು ಗದ್ದೆ ಹಡಿಲು ಬಿದ್ದರೆ ಕಂಡಿ ಮುಚ್ಚಿಹೋಗುತ್ತದೆ, ಹುಣಿ ಒಡೆಯುತ್ತದೆ, ನೀರು ತನಗೆ ಬೇಕಾದ ಕಡೆ ಕೊರೆದುಕೊಂಡು ಹೋಗುತ್ತದೆ. ಕಟಾವಿನ ಯಂತ್ರ ಇಳಿಯುವ ದಾರಿಯೂ ಕಟ್ಟಿಹೋಗುತ್ತದೆ. ಮಳೆಗಾಲದ ಕಾರ್ತಿ ಬೆಳೆಯ ಉದ್ದಕ್ಕೂ ಗದ್ದೆಯಲ್ಲಿ ನಿಲ್ಲುತ್ತಿದ್ದ ನೀರು ಇಂಗಿ ಬಾವಿಗೆ ಬರುತ್ತಿತ್ತು, ಅದೂ ಕಡಿಮೆಯಾಗುತ್ತದೆ. ನಾವು ನಮ್ಮ ಗದ್ದೆಯನ್ನು ಮಾತ್ರ ಬಿಟ್ಟೆವು ಅಂದುಕೊಂಡಿದ್ದೆವು. ಅಜ್ಜಿಯ ಗದ್ದೆಯನ್ನೂ ಅರ್ಧ ಕೆಡಿಸಿದ್ದೆವು.

ನಾನು ಊರಿಗೆ ಬಂದ ವರ್ಷ, ಮಳೆಗಾಲದ ಮೊದಲು, ಒಬ್ಬ ಹುಡುಗ ಮನೆಗೆ ಬಂದ. ಅವನ ಮನೆಯವರಿಗೆ ಇರುವುದು ಹತ್ತು ಸೆಂಟ್ಸ್ ಜಾಗ, ಅದರಲ್ಲೇ ಮನೆ. ಮುಂಬಯಿಯ ಹೋಟೆಲಿನಲ್ಲಿದ್ದವನು 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದು ಮತ್ತೆ ಹೋಗಲಿಲ್ಲ. ಸಾಲ ಮಾಡಿ ಒಂದು ಹಳೆಯ ಟಿಲ್ಲರ್ ತೆಗೆದುಕೊಂಡು ಬಾಡಿಗೆಗೆ ಉಳುತ್ತಿದ್ದ. ಜಗಲಿಯ ಅಂಚಿನಲ್ಲಿ ಕೂತು ಕೇಳಿದ: "ನೀವು ನೆಡುದಿಲ್ಲಾಂತಾದ್ರೆ ನಾನು ನೆಡ್ತೇನೆ ಮಾಮ. ಎಷ್ಟು ಮುಡಿ ಅಕ್ಕಿ ಕೊಡ್ಬೇಕು ಹೇಳಿ."

ನಾನು ಆಗಲಿ ಅಂದೆ. ಅಣ್ಣ ಒಳಗಿನಿಂದ ನನ್ನನ್ನು ಕರೆದ. ಮೆಲ್ಲಗೆ ಹೇಳಿದ: "ಅಪ್ಪ ಡಿಕ್ಲರೇಶನ್ ಕೊಟ್ಟದ್ದು ಮರೆತುಹೋಯಿತಾ ನಿನಗೆ? ನಾಳೆ ಅವನೂ ಕೊಟ್ಟರೆ?"

ಮರೆತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಡಿಕ್ಲರೇಶನ್ ಅಂದರೆ ಒಂದೇ ಅರ್ಥ. ಅದು ದೇವರಾಜ ಅರಸರ ಕಾಲದ ಭೂಸುಧಾರಣೆ, ಒಕ್ಕಲು ಹಕ್ಕು ಕೇಳಿ ಕೊಡುವ ಫಾರಂ ನಂಬರ್ 7. 1961ರ ಕಾಯಿದೆಗೆ ತಂದ ಆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಯ ಜಮೀನು ಸರ್ಕಾರಕ್ಕೆ ಸೇರಿತು, ಅಲ್ಲಿಂದ ಉಳುವವನಿಗೆ ಬಂತು. ರಾಜ್ಯದಾದ್ಯಂತ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಿದ್ದವು. ನಮ್ಮ ಅಪ್ಪ ಚಾಲಗೇಣಿ ಒಕ್ಕಲು. ಮೂಲಗೇಣಿಯವನಿಗಾದರೆ ಖಾಯಂ ಹಕ್ಕಿತ್ತು, ಚಾಲಗೇಣಿಯವನನ್ನು ಯಾವ ವರ್ಷವೂ ಎಬ್ಬಿಸಬಹುದಿತ್ತು. ನನಗಾಗ ಹನ್ನೊಂದೋ ಹನ್ನೆರಡೋ ವರ್ಷ. ಅಪ್ಪ ಮದುವೆಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ತಗಡಿನ ಪೆಟ್ಟಿಗೆಯಿಂದ ಗೇಣಿ ಚೀಟಿಗಳ ಕಟ್ಟು ತೆಗೆದುಕೊಂಡು, ನನ್ನ ಕೈ ಹಿಡಿದು ತಾಲೂಕು ಕಚೇರಿಗೆ ಹೋದರು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ, ಒಕ್ಕಲು ತಾನೇ ಮಾತಾಡಬೇಕಿತ್ತು. ಸರ್ವೆ ನಂಬರು ಕೇಳಿದಾಗ ಅಪ್ಪ ತಡವರಿಸಿದರು. ಯಾವ ಗದ್ದೆಗೆ ಎಷ್ಟು ಸೇರು ಬೀಜ ಬೇಕು ಎಂದು ಕೇಳಿದಾಗ ತಡವರಿಸಲಿಲ್ಲ. ಒಂದೊಂದರ ಹೆಸರು ಹಿಡಿದು ಹೇಳಿದರು. ಬರುವಾಗ ಬಸ್ಸಿನಲ್ಲಿ ಅವರು ಮಾತೇ ಆಡಲಿಲ್ಲ, ಚೀಟಿಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಮೇಲೆ ಕೈ ಇಟ್ಟುಕೊಂಡಿದ್ದರು.

ನಾನು ಓದಿದ್ದು ಆ ಗದ್ದೆಯಿಂದ. ಆದ್ದರಿಂದ ಈ ಕಾನೂನಿನ ಬಗ್ಗೆ ಹಗುರವಾಗಿ ಮಾತಾಡುವವರೊಂದಿಗೆ ನನಗೆ ಸಹಮತವಿಲ್ಲ. 1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ಧಣಿಗಳ ಗದ್ದೆಗೆ ಇಳಿದು ಸತ್ಯಾಗ್ರಹ ಮಾಡಿದಾಗ, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದಾಗ, ಕೇಳಿದ್ದು ನ್ಯಾಯವನ್ನೇ. ಸಿಕ್ಕಿದ್ದೂ ನ್ಯಾಯವೇ.

ಆದರೆ ಅದೇ ಕಾಯಿದೆ ಮುಂದಕ್ಕೆ ಗೇಣಿಯನ್ನೇ ನಿಷೇಧಿಸಿತು. ಸೈನಿಕರಿಗೆ, ಹಡಗಿನಲ್ಲಿ ದುಡಿಯುವವರಿಗೆ ಮಾತ್ರ ವಿನಾಯಿತಿ. ಗೇಣಿಯೇ ಇಲ್ಲದಿದ್ದರೆ ಧಣಿಯೂ ಇರುವುದಿಲ್ಲ ಎಂಬುದು ಅಂದಿನ ಎಣಿಕೆ. ಐವತ್ತು ವರ್ಷದಲ್ಲಿ ಆಗಿದ್ದೇ ಬೇರೆ. ಒಕ್ಕಲಿನ ಮಕ್ಕಳು ಓದಿದರು, ಬ್ಯಾಂಕು, ಬೆಂಗಳೂರು, ಕೊಲ್ಲಿ ದೇಶ ಸೇರಿದರು. ಗದ್ದೆ ಅವರ ಹೆಸರಿನಲ್ಲಿ ಉಳಿಯಿತು. ನಾಟಿ ಮಾಡಬಲ್ಲ, ಮಾಡಬೇಕೆನ್ನುವ ಹೊಸಬನಿಗೆ ಗದ್ದೆಯಿಲ್ಲ. ಇಬ್ಬರೂ ಒಂದೇ ಗ್ರಾಮದಲ್ಲಿದ್ದಾರೆ, ನೇಮದಲ್ಲಿ, ಮದುವೆಯಲ್ಲಿ ಭೇಟಿಯಾಗುತ್ತಾರೆ. ಗದ್ದೆಯ ಮಾತು ಬಂದರೆ ಸುಮ್ಮನಾಗುತ್ತಾರೆ. ಅಪ್ಪನ ಕಾಲದ ಧಣಿಯ ಹೆದರಿಕೆ ಈಗ ನಮ್ಮ ಮನೆಯ ಒಳಕೋಣೆಗೆ ಬಂದು ಕೂತಿದೆ.

ಘಟ್ಟದ ಮೇಲೆ ಗೇಣಿ ನಿಂತಿದೆಯೇ ಎಂದು ಕೇಳಿದರೆ, ಎಲ್ಲಿಯೂ ನಿಂತಿಲ್ಲ. ಉತ್ತರ ಕರ್ನಾಟಕದಲ್ಲಿ ಲಾವಣಿ ಅನ್ನುತ್ತಾರೆ, ಮೈಸೂರು ಕಡೆ ವಾರ, ಗುತ್ತಿಗೆ. ಎಲ್ಲವೂ ಬಾಯಿಮಾತಿನಲ್ಲಿ ನಡೆಯುತ್ತದೆ. ಬಾಯಿಮಾತಿನ ಗೇಣಿದಾರನ ಕಷ್ಟವನ್ನು ನಾನು ಮೇಜಿನ ಈಚೆಯಿಂದ ಮೂವತ್ತು ವರ್ಷ ನೋಡಿದ್ದೇನೆ. ಬೆಳೆ ಸಾಲ ಕೇಳಿಕೊಂಡು ಬರುತ್ತಿದ್ದರು, ಆರ್‌ಟಿಸಿ (ಪಹಣಿ) ತನ್ನಿ ಅನ್ನುತ್ತಿದ್ದೆ. ಆರ್‌ಟಿಸಿಯ ಒಂಬತ್ತನೆಯ ಕಾಲಂನಲ್ಲಿ ಮಾಲೀಕನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು ಬರಬೇಕು. ಎರಡರಲ್ಲೂ ಇರುವುದು ಒಬ್ಬನದೇ ಹೆಸರು, ಅವನು ದುಬೈಯಲ್ಲಿ. ಎದುರು ಕೂತವನ ಉಗುರಿನ ಸಂದಿಯಲ್ಲಿ ಕೆಸರು, ಅವನ ಹೆಸರು ಎಲ್ಲಿಯೂ ಇಲ್ಲ. ನಾನು ಅರ್ಜಿ ಹಿಂದಕ್ಕೆ ಕೊಡುತ್ತಿದ್ದೆ. ನಿಯಮ ಹಾಗಿತ್ತು. ಬೆಳೆ ವಿಮೆಯಲ್ಲೂ ಅದೇ ಕತೆ, ಬೆಂಬಲ ಬೆಲೆಯ ಖರೀದಿಯಲ್ಲೂ ಅದೇ, ವರ್ಷಕ್ಕೆ 6,000 ರೂಪಾಯಿಯ ಪಿಎಂ ಕಿಸಾನ್ ಹಣವೂ ಜಮೀನಿನ ಹೆಸರಿದ್ದವನಿಗೇ. ನೆರೆಗೆ ಪೈರು ಕೊಚ್ಚಿಹೋದರೆ ಪರಿಹಾರ ಹೋಗುವುದು ಪೈರನ್ನೇ ನೋಡದವನ ಖಾತೆಗೆ.

2020ರಲ್ಲಿ ನಮ್ಮ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದು ಎಂದಿತು. ಗೇಣಿಯ ನಿಷೇಧ ಹಾಗೆಯೇ ಉಳಿಯಿತು. ಇದು ನನಗೆ ಸರಿ ಕಾಣುವುದಿಲ್ಲ. ಟಿಲ್ಲರ್ ಹುಡುಗ ಸೆಂಟ್ಸಿನ ಲೆಕ್ಕದಲ್ಲಿ ಮಾರಾಟವಾಗುವ ಗದ್ದೆಯನ್ನು ಈ ಜನ್ಮದಲ್ಲಿ ಕೊಳ್ಳಲಾರ. ಕೊಳ್ಳಬಲ್ಲವನಿಗೆ ಬೇಕಾದದ್ದು ಭತ್ತವಲ್ಲ.

ನಮಗಿಂತ ಮೊದಲೇ ಈ ಗಂಟಿಗೆ ಸಿಕ್ಕಿಬಿದ್ದದ್ದು ಕೇರಳ. ಅಲ್ಲಿ 1970ರ ಜನವರಿ 1ರಿಂದ ಕಾನೂನಿನಲ್ಲಿ ಗೇಣಿ ಇಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಇದ್ದ ಭತ್ತ ಈಗ 2 ಲಕ್ಷ ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. 2008ರಲ್ಲಿ ಗದ್ದೆ ಉಳಿಸುವ ಕಾಯಿದೆ ಮಾಡಿದರು: ಮಾಲೀಕ ಗದ್ದೆ ಬಿಟ್ಟರೆ ನೀನೇ ಬಿತ್ತು, ಇಲ್ಲವೇ ಬೇರೆಯವರಿಂದ ಬಿತ್ತಿಸು ಎಂದು ಹೇಳಲು ಅದರಲ್ಲಿ ಅವಕಾಶವಿದೆ. ಕಾಯಿದೆಗಿಂತ ಹೆಚ್ಚು ಕೆಲಸ ಮಾಡಿದವರು ಕುಟುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು. ನಾಲ್ಕರಿಂದ ಹತ್ತು ಮಂದಿಯ ಗುಂಪು ಕಟ್ಟಿಕೊಂಡು ಪಾಳುಬಿದ್ದ ಜಾಗ ಹಿಡಿದು ಕೃಷಿಗಿಳಿದರು. ಸಾಲ ಗುಂಪಿನ ಜಂಟಿ ಹೊಣೆಯ ಮೇಲೆ ಸಿಗುತ್ತದೆ, ಆರ್‌ಟಿಸಿ ಬೇಡ. ನಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು ಮಾತಾಡುವ ಹೆಂಗಸರೂ ಇವುಗಳಲ್ಲಿದ್ದಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಈ ಗುಂಪುಗಳನ್ನು ಒಂಟಿ ಕುಟುಂಬಗಳ ಕೃಷಿಯೊಂದಿಗೆ ಹೋಲಿಸಿ ನೋಡಿದ್ದಾರೆ. ಹೆಕ್ಟೇರಿಗೆ ಬಂದ ಒಟ್ಟು ಉತ್ಪನ್ನದ ಬೆಲೆಯಲ್ಲಿ ಹೆಂಗಸರ ಗುಂಪುಗಳೇ ಮುಂದೆ. ಬಾಳೆ, ತರಕಾರಿಯಲ್ಲಿ ಈ ಗೆಲುವು ಹೆಚ್ಚು, ಭತ್ತದಲ್ಲಿ ಅಷ್ಟಿಲ್ಲ. ಅವರಿಗೂ ದೊಡ್ಡ ತೊಂದರೆ ಜಾಗದ್ದೇ. ಬಾಯಿಮಾತಿನ ಗೇಣಿ, ಹಸನು ಮಾಡಿದ ಮೇಲೆ ಮಾಲೀಕ ವಾಪಸು ಕೇಳುತ್ತಾನೆ.

ಆಂಧ್ರದವರು 2019ರಲ್ಲಿ ಇನ್ನೊಂದು ದಾರಿ ಹಿಡಿದರು. ಮಾಲೀಕ ಮತ್ತು ಸಾಗುವಳಿದಾರ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದರೆ ಸಾಗುವಳಿದಾರನಿಗೆ ಒಂದು ಕಾರ್ಡು, ಅದರ ಮೇಲೆ ಸಾಲ, ವಿಮೆ. ಮಾಲೀಕನ ಹಕ್ಕಿಗೆ ಧಕ್ಕೆಯಿಲ್ಲ. ಒಳ್ಳೆಯ ಕಾಯಿದೆಯೇ. ಆದರೆ ಸಹಿಗೆ ಮಾಲೀಕ ಹಿಂಜರಿದ, ಕಾರ್ಡು ಸಿಗದವರು ಬಹಳ ಮಂದಿ ಉಳಿದರು. ನಮ್ಮಣ್ಣನೂ ಹಿಂಜರಿಯುತ್ತಿದ್ದ. ಇಬ್ಬರನ್ನೇ ಎದುರುಬದುರು ಕೂರಿಸಿ ಕಾಗದ ಮುಂದಿಟ್ಟರೆ ಹೆದರಿಕೆ ಹೋಗುವುದಿಲ್ಲ.

ಜಪಾನಿನಲ್ಲಿ ರೈತರ ಸರಾಸರಿ ವಯಸ್ಸು ಅರವತ್ತೈದು ದಾಟಿದೆ, ಮಕ್ಕಳು ಪಟ್ಟಣದಲ್ಲಿದ್ದಾರೆ. ಅವರು 2014ರಲ್ಲಿ ಪ್ರತಿ ಪ್ರಾಂತದಲ್ಲೂ ಗದ್ದೆಯ ಬ್ಯಾಂಕು ತೆರೆದರು. ಮಾಲೀಕ ಗದ್ದೆಯನ್ನು ಗೇಣಿಗೆ ಕೊಡುವುದು ಬ್ಯಾಂಕಿಗೆ, ರೈತ ಗೇಣಿಗೆ ಪಡೆಯುವುದು ಬ್ಯಾಂಕಿನಿಂದ. ಚೂರುಚೂರಾದ ಗದ್ದೆಗಳನ್ನು ಒಂದೆಡೆ ಸೇರಿಸಿ ಕೊಡುವ ಕೆಲಸವೂ ಬ್ಯಾಂಕಿನದೇ. ನನಗೆ ಇದರಲ್ಲಿ ಹಿಡಿಸಿದ್ದು ಆ ನಡುವಿನವನು. ನಾನು ಬ್ಯಾಂಕಿನವನಾದ್ದರಿಂದ ಹಿಡಿಸಿರಬಹುದು. ಸಾಲ ಪಡೆಯುವವನೂ ಠೇವಣಿ ಇಡುವವನೂ ಒಬ್ಬರನ್ನೊಬ್ಬರು ನಂಬಬೇಕಾಗಿಲ್ಲ. ಇಬ್ಬರೂ ನಡುವಿನ ಸಂಸ್ಥೆಯನ್ನು ನಂಬಿದರೆ ಸಾಕು.

ಅಂಥ ಸಂಸ್ಥೆಗೆ ನಾವು ಜಪಾನಿಗೆ ಹೋಗಬೇಕಾಗಿಲ್ಲ. ಮೊಳಹಳ್ಳಿ ಶಿವರಾಯರು ಕಟ್ಟಿಕೊಟ್ಟ ಸಹಕಾರದ ಹಾದಿಯಲ್ಲಿ ಬೆಳೆದ ಜಿಲ್ಲೆ ಇದು. ಹಳ್ಳಿಹಳ್ಳಿಯಲ್ಲೂ ಸೊಸೈಟಿಯಿದೆ. ಗೊಬ್ಬರ, ಪಡಿತರ, ಸಾಲ ಎಲ್ಲವೂ ಅಲ್ಲಿಯೇ. ಊರಿನವರ ಚಕ್ಕುಬಂದಿ ಕಾರ್ಯದರ್ಶಿಗೆ ಗೊತ್ತು. ಸೊಸೈಟಿ ಗದ್ದೆಯನ್ನು ಗೇಣಿಗೆ ಪಡೆದು ಊರಿನ ಹೊಸ ರೈತನಿಗೆ ಕೊಡಲಿ, ಪಂಚಾಯಿತಿ ಸಾಕ್ಷಿ ನಿಲ್ಲಲಿ. ಅವಧಿ ಐದು ವರ್ಷಕ್ಕೆ ಕಡಿಮೆ ಬೇಡ. ಹಡಿಲು ಗದ್ದೆಯ ಪೊದರು ಕಡಿದು ಬೇರು ಕೀಳುವುದರಲ್ಲೇ ಮೊದಲ ವರ್ಷ ಹೋಗುತ್ತದೆ. ಎರಡನೇ ವರ್ಷ ಎಬ್ಬಿಸಿದರೆ ಅವನ ಬೆನ್ನು ಮುರಿದಂತೆ. ಒಂಬತ್ತನೆಯ ಕಾಲಂ ಮಾಲೀಕನದಾಗಿಯೇ ಇರಲಿ. ಅವಧಿ ಮುಗಿದ ಮೇಲೆ ಗದ್ದೆ ತನ್ನ ಕೈಗೆ ಬರುತ್ತದೆ ಎಂದು ಕಾನೂನೇ ಅವನಿಗೆ ಹೇಳಲಿ. ಹನ್ನೆರಡನೆಯದರಲ್ಲಿ ನೆಟ್ಟವನ ಹೆಸರು ಬರಲಿ. 2016ರಲ್ಲಿ ಟಿ. ಹಕ್ ಅವರ ಸಮಿತಿ ನೀತಿ ಆಯೋಗಕ್ಕೆ ಕೊಟ್ಟ ಮಾದರಿ ಕಾಯಿದೆ ಗೇಣಿಯನ್ನು ಕಾನೂನುಬದ್ಧ ಮಾಡಿ ಅನ್ನುತ್ತದೆ. ಅದಕ್ಕೆ ನನ್ನದೊಂದು ಕಟ್ಟು ಸೇರಿಸುತ್ತೇನೆ: ಗೇಣಿ ಪಡೆಯುವವನು ಅದೇ ಗ್ರಾಮದವನೋ ನೆರೆಯ ಗ್ರಾಮದವನೋ ಆಗಿರಬೇಕು, ಇಷ್ಟು ಎಕರೆ ಎಂಬ ಮಿತಿ ಇರಬೇಕು. ಇಲ್ಲವಾದರೆ ಬೈಲಿಗೆ ಬೈಲೇ ಒಂದು ಕಂಪೆನಿಯ ಕೈಗೆ ಹೋದೀತು. ಕಾಗೋಡಿನ ಹಿರಿಯರಿಗೆ ನಾವು ಮಾಡುವ ದ್ರೋಹ ಅದಾದೀತು.

2021ರಲ್ಲಿ ಉಡುಪಿಯಲ್ಲಿ ನಡೆದದ್ದು ನಿಮಗೆ ನೆನಪಿದೆ. ಆಗಿನ ಶಾಸಕ ಕೆ. ರಘುಪತಿ ಭಟ್ಟರ ಮುಂದಾಳತ್ವದಲ್ಲಿ ಕೇದಾರೋತ್ಥಾನ ಟ್ರಸ್ಟಿನವರು ಸಾವಿರಕ್ಕೂ ಮಿಕ್ಕಿ ಎಕರೆ ಹಡಿಲು ಗದ್ದೆಯಲ್ಲಿ ನಾಟಿ ಮಾಡಿಸಿದರು. ವರ್ಷಗಟ್ಟಲೆ ಬಿಟ್ಟ ಗದ್ದೆ ಹಸಿರಾದದ್ದನ್ನು ನಾನೂ ನೋಡಿದೆ. ಕೇಳಿದವರ ಮೇಲೆ ನಂಬಿಕೆಯಿದ್ದರೆ ಮಾಲೀಕರು ಗದ್ದೆ ಕೊಡುತ್ತಾರೆ ಎಂಬುದು ಅಲ್ಲಿ ಸಾಬೀತಾಯಿತು. ಆದರೆ ಶ್ರಮದಾನದ ಉಮೇದು ಒಂದು ಮಳೆಗಾಲದ್ದು. ಬೆಳಿಗ್ಗೆ ಐದಕ್ಕೆ ಎದ್ದು ಏಡಿ ಕೊರೆದ ಬಿಲ ಮುಚ್ಚಲು ಅಲ್ಲಿಯೇ ಇರುವ ಒಬ್ಬ ಬೇಕು.

ನಮ್ಮ ಗದ್ದೆಗೆ ಅಂಥವನೊಬ್ಬ ಸಿಕ್ಕಿದ. ಅಣ್ಣ ಒಪ್ಪಲು ಒಂದು ಬೇಸಿಗೆ ಬೇಕಾಯಿತು. ಕಾಗದ ಇಲ್ಲ, ಸಹಿ ಇಲ್ಲ, ದೈವದ ಗುಡಿಯ ಮುಂದೆ ನಿಂತು ಆಡಿದ ಮಾತಷ್ಟೇ. ಮಳೆಗಾಲದ ಹೊಸ್ತಿಲಿನ ಪತ್ತನಾಜೆ ಕಳೆದ ಮೇಲೆ ಅವನು ಪೊದರು ಕಡಿದ. ಹಳೆಯ ಕಂಡಿ ಎಲ್ಲಿತ್ತೆಂದು ನಾನು ತೋರಿಸಲಾರದೆ ನಿಂತಾಗ ಕೆಳಗಿನ ಅಜ್ಜಿ ಬಂದು ಕೋಲಿನಿಂದ ನೆಲ ಕುಟ್ಟಿ "ಇಲ್ಲಿ" ಅಂದರು. ಮೂರು ಹಾರೆ ಮಣ್ಣು ತೆಗೆಯುವುದರೊಳಗೆ ಕೆಳಗೆ ಹಾಸಿದ್ದ ಕಲ್ಲು ಕಂಡಿತು, ಅಪ್ಪ ಹಾಸಿದ್ದು. ಎಂಒ4 ಬೀಜ, ಚಾಪೆ ನೇಜಿ, ಬಾಡಿಗೆಗೆ ತಂದ ನಾಟಿ ಯಂತ್ರ. ಮೊದಲ ವರ್ಷ ಫಸಲು ಅರ್ಧಕ್ಕರ್ಧ ಜೊಳ್ಳು. ಎರಡನೇ ವರ್ಷ ಅವನು ನಮ್ಮ ಪಾಲಿನ ಅಕ್ಕಿಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ತಂದು ಜಗಲಿಯಲ್ಲಿಟ್ಟ. ಅಣ್ಣ ಒಂದು ಹಿಡಿ ತೆಗೆದು ಮೂಸಿ ನೋಡಿದ.

ಈ ಉಪನ್ಯಾಸ ಪುಸ್ತಿಕೆಯಾಗುತ್ತದೆ ಎಂದು ಅವನಿಗೆ ಹೇಳಿದ್ದೆ. "ನನ್ನ ಹೆಸರು ಬರ್ತದಾ ಮಾಮ?" ಎಂದು ಕೇಳಿದ. ಹೆಸರು ಅಚ್ಚು ಹಾಕಿದರೆ ಕಾಯಿದೆ ಮೀರಿ ಗೇಣಿ ಮಾಡುವವನೆಂದು ನಾನೇ ಸಾಕ್ಷಿ ಬರೆದಂತೆ. ಇಲ್ಲ, ಈಗ ಹಾಕಲು ಆಗುವುದಿಲ್ಲ ಎಂದೆ. ಅವನು ತಲೆಯಾಡಿಸಿ, ನೀರು ಕಟ್ಟಬೇಕೆಂದು ಹೊರಟ.