ಗಡ್ಡೆಗೆ ನೋವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆರೋಗ್ಯ ಕೇಂದ್ರದ ನರ್ಸೊಬ್ಬರು ಆಡಿದ ಮಾತು)



ಕಂತಿನ ಲೆಕ್ಕ ಮುಗಿದು ಮನೆಗೆ ಹೊರಡುವ ಹೊತ್ತಿನಲ್ಲಿ ನನಗೆ ಮಾತಾಡು ಅಂದಿದ್ದೀರಿ. ಬೇಗ ಮುಗಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ. ಮಗುವಿಗೆ ಚುಚ್ಚುಮದ್ದು ಅಂದರೆ ಓಡಿ ಬರುತ್ತೀರಿ. ನಿಮ್ಮ ಎದೆ ಪರೀಕ್ಷೆ ಮಾಡೋಣ ಅಂದರೆ ಸೆರಗು ಬಿಗಿ ಮಾಡಿಕೊಳ್ಳುತ್ತೀರಿ. ಬೈಯುವುದಿಲ್ಲ, ನಲವತ್ತಾರು ವರ್ಷವಾಗುವ ತನಕ ನಾನೂ ಮಾಡಿಸಿಕೊಂಡಿರಲಿಲ್ಲ.

ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. 30 ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಸ್ತನ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದವರಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಸಿಗಲಿಲ್ಲ.

ಇದಕ್ಕೆ ಯಂತ್ರ ಬೇಡ, ಸೂಜಿ ಬೇಡ. ಪರದೆಯ ಹಿಂದೆ ಮೂರು ಬೆರಳಿನ ಮೆದು ಭಾಗದಿಂದ ಕೊರಳ ಮೂಳೆಯಿಂದ ಕಂಕುಳವರೆಗೆ ಒತ್ತಿ ನೋಡುತ್ತೇವೆ, ಅಷ್ಟೇ. ಗಡ್ಡೆ ಸಿಕ್ಕರೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರಿನ ಗಡ್ಡೆ ಮೊದಮೊದಲು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ನಮ್ಮ ತಪ್ಪು. ತೊಟ್ಟು ಒಳಗೆ ಸೇದಿಕೊಂಡರೆ, ಅದರಿಂದ ರಕ್ತ ಬಂದರೆ, ಚರ್ಮ ಗುಳಿ ಬಿದ್ದರೆ ನಮ್ಮ ಸರದಿಗೂ ಕಾಯಬೇಡಿ.

ಬರೀ ಕೈಯಿಂದ ಏನಾಗುತ್ತದೆ ಅನ್ನಬೇಡಿ. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಿಂದ ಅಲ್ಲಿನ ಒಂದೂವರೆ ಲಕ್ಷ ಬಡ ಹೆಂಗಸರ ನಡುವೆ ಇದನ್ನೇ ನೋಡಿದರು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಗುಂಪಿನಲ್ಲಿ ಕ್ಯಾನ್ಸರ್ ಬೇಗ ಪತ್ತೆಯಾಯಿತು. ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಹತ್ತಿರ ಹತ್ತಿರ ಮೂವತ್ತರಷ್ಟು ತಗ್ಗಿತು. ಅದಕ್ಕಿಂತ ಚಿಕ್ಕವರಲ್ಲಿ ಅಷ್ಟು ತಗ್ಗಲಿಲ್ಲ, ಅದನ್ನೂ ಹೇಳಬೇಕು.

ಈಗ ನನ್ನ ಎದೆಯೊಳಗಿನದು. ಒಮ್ಮೆ ಪಕ್ಕದ ಹಳ್ಳಿಯ ಒಬ್ಬಳು ಜ್ವರಕ್ಕೆ ಬಂದಿದ್ದಳು. ಪರೀಕ್ಷೆಗೆ ಕುಪ್ಪಸ ಬಿಚ್ಚಿದಾಗ ತೋಳಿನ ಮೇಲೆ ನಾಲ್ಕು ಬೆರಳು ಮೂಡಿತ್ತು. ಹಸು ಒದೆಯಿತು ಅಂದಳು. ಹಸುವಿಗೆ ಬೆರಳುಂಟೇ? ನಾನು ಕೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಎಡಗಡೆ ನೆಲ್ಲಿಕಾಯಿಯಷ್ಟು ಗಡ್ಡೆ ಸಿಕ್ಕಿತು. ಗೊತ್ತು ಅಕ್ಕಾ, ಎಂಟು ತಿಂಗಳಾಯಿತು ಅಂದಳು. ಮತ್ತೆ ಯಾಕೆ ಸುಮ್ಮನಿದ್ದೆ ಅಂದೆ. ಮದುವೆಯ ಬಾಕಿ ಬಂಗಾರಕ್ಕೇ ಇನ್ನೂ ಹೊಡೆಯುತ್ತಾರೆ, ರೋಗವೂ ಇದೆ ಅಂದರೆ ತವರಿಗೆ ಅಟ್ಟಿಬಿಡುತ್ತಾರೆ ಅಂದಳು.

ಚೀಟಿ ಬರೆದು ಜಿಲ್ಲಾ ಆಸ್ಪತ್ರೆಗೆ ಹೋಗು ಅಂದೆ. ಚೀಟಿ ಕೊಟ್ಟರೆ ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅವಳು ಹೋಗಲೇ ಇಲ್ಲ. ಬಸ್ಸಿನ ದುಡ್ಡು ಯಾರು ಕೊಡಬೇಕು, ಹಾಲು ಯಾರು ಕರೆಯಬೇಕು, ಗಂಡನನ್ನು ಯಾರು ಕೇಳಬೇಕು? ಮೂರು ತಿಂಗಳ ಮೇಲೆ ಅವಳ ಸಂಘದವರೇ ವಿಷಯ ತಿಳಿದು ಇಬ್ಬರು ಜೊತೆಗೆ ಹೋದರು. ಬಸ್ಸಿನ ದುಡ್ಡು ಸಂಘದ ಉಳಿತಾಯದಿಂದ, ಆಸ್ಪತ್ರೆಯ ಖರ್ಚು ಬಿಪಿಎಲ್ ಕಾರ್ಡಿನ ಮೇಲೆ ಆರೋಗ್ಯ ಕರ್ನಾಟಕ ಯೋಜನೆಯಿಂದ. ಒಂದು ಸ್ತನ ತೆಗೆದರು. ಈಗ ತವರಿನಲ್ಲಿದ್ದಾಳೆ, ಹೊಲಿಗೆ ಮಾಡುತ್ತಾಳೆ. ಆ ಮೂರು ತಿಂಗಳು ನನ್ನ ಲೆಕ್ಕಕ್ಕೆ.

ಅಂದಿನಿಂದ ಪರದೆ ಎಳೆದ ಮೇಲೆ ಎರಡನ್ನೂ ಕೇಳುತ್ತೇನೆ: ಗಡ್ಡೆ ಇದೆಯೇ, ಮನೆಯಲ್ಲಿ ಹೊಡೆಯುತ್ತಾರೆಯೇ. ಬೇಕೆಂದವರಿಗೆ 181ಕ್ಕೆ ಅಲ್ಲಿಂದಲೇ ಫೋನು ಹಚ್ಚಿ ಕೊಡುತ್ತೇನೆ.

ಮುಟ್ಟು ಆಗುವವರು ಮುಟ್ಟು ಮುಗಿದು ಎರಡು ಮೂರು ದಿನಕ್ಕೆ ಬಂದರೆ ಒಳ್ಳೆಯದು, ಆಗ ಎದೆ ಬಿಗಿದಿರುವುದಿಲ್ಲ. ಮುಟ್ಟು ನಿಂತವರು ಯಾವಾಗಲಾದರೂ ಸರಿ. ಮಂಗಳವಾರ ಮಧ್ಯಾಹ್ನ ಗಂಡಸರ ಸಾಲು ಇರುವುದಿಲ್ಲ. ಇಬ್ಬಿಬ್ಬರಾಗಿ ಬನ್ನಿ, ಅತ್ತೆಯನ್ನೂ ಕರೆದುಕೊಂಡು ಬನ್ನಿ.