ಬಾಡಿಗೇನಾ, ಭೋಗ್ಯಾನಾ?

ಬೆಸಗರಹಳ್ಳೀಲಿ ಎರಡು ಮನೆ ಇರೋ ಒಂದು ಕಟ್ಟಡ ಮಾರಾಟಕ್ಕಿದೆ ಅಂದ್ಕೊಳ್ಳಿ. ರೇಟು ಕಮ್ಮಿ, ಜನಾನೂ ಆಗ್ಲೇ ಇದ್ದಾರೆ ಅಂತಾರೆ ಬ್ರೋಕರ್. ನಾನಾದ್ರೆ ಮೊದಲು ಒಳಗಿರೋ ಅಕ್ಕನ್ನ ಕೇಳ್ತೀನಿ: ‘ಬಾಡಿಗೇನಾ, ಭೋಗ್ಯಾನಾ?’

ಭೋಗ್ಯ ಅಂದ್ರೆ ಗೊತ್ತಲ್ಲ, ಮಾಲೀಕರಿಗೆ ಒಟ್ಟಿಗೆ ದುಡ್ಡು ಕೊಟ್ಟು ತಿಂಗಳ ಬಾಡಿಗೆ ಇಲ್ದೆ ಇರೋದು. ಆ ದುಡ್ಡು ವಾಪಸ್ ಬರೋವರೆಗೂ ಅವರು ಏಳಲ್ಲ, ಏಳಿ ಅನ್ನೋದು ನ್ಯಾಯಾನೂ ಅಲ್ಲ. ತಲಾ 3 ಲಕ್ಷ ಅಂದ್ರೂ 6 ಲಕ್ಷ ನಿಮ್ಮ ತಲೆ ಮೇಲೆ, ಕೈಗೆ ಬರೋ ಬಾಡಿಗೆ ಸೊನ್ನೆ.

ನೋಂದಣಿ ಆಗದ ಭೋಗ್ಯದ ಕರಾರು ಇ.ಸಿ.ಯಲ್ಲಿ ಕಾಣಲ್ಲ. ಕಾವೇರಿ ಆನ್‌ಲೈನಲ್ಲಿ ಇ.ಸಿ. ತೆಗೀರಿ, ಪಂಚಾಯ್ತಿಯ ಇ-ಸ್ವತ್ತು ನಮೂನೆಗಳನ್ನೂ ನೋಡಿ, ಬೇಕೇ ಬೇಕು. ಆದ್ರೆ ಅಷ್ಟು ನೋಡಿ ಅಡ್ವಾನ್ಸ್ ಕೊಟ್ಬಿಡಬೇಡಿ. ಭೋಗ್ಯದ ಹಣವನ್ನ ಬೆಲೆಯಲ್ಲೇ ಮುರ್ಕೊಳ್ಳಿ. ಯಾರು, ಯಾವತ್ತು ವಾಪಸ್ ಕೊಡ್ತಾರೆ ಅಂತ ಕ್ರಯದ ಕರಾರಲ್ಲೇ ಬರೆಸಿ, ಒಳಗಿರೋರನ್ನೂ ಕೂರಿಸ್ಕೊಂಡು.

ಇನ್ನು 2023ರಲ್ಲಿ ಶುರುವಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೋರಿಸಿ ‘ಬಾಡಿಗೆ ಡಬಲ್ ಆಗುತ್ತೆ’ ಅಂತಾರೆ. ಅಲ್ಲಿ ಹಾದು ಹೋಗೋ ಕಾರಿನೋರು ನಿಮ್ಮ ಮನೆಗೆ ಬರಲ್ಲ ಸ್ವಾಮಿ. ಬರೋರು ಮೇಷ್ಟ್ರು, ನರ್ಸು, ಬ್ಯಾಂಕಿನೋರು. ಅವರು ಈಗ ಎಷ್ಟು ಕೊಡ್ತಿದ್ದಾರೆ ಅಂತ ಅಕ್ಕಪಕ್ಕದಲ್ಲಿ ಕೇಳಿ, ಆ ಲೆಕ್ಕಕ್ಕೇ ಬೆಲೆ ಕಟ್ಟಿ.